ಕೊಕ್ಕರೆಯಾದ ರೆಕಾರ್ಡು

ಟೇಗಿಲನ ಕೈಗೆ ಸಿಕ್ಕ ಹಳೆಯ ರೆಕಾರ್ಡಿಗೆ ಎರಡೇ ಗತಿ. ಹಾಡಿದರೆ ಕಪಾಟು, ಹಾಡದಿದ್ದರೆ ಗರಗಸ. ಸಿಯೋಲಿನ ಹ್ವಾಂಗ್‌ಹಾಕ್ ಸಂತೆಯ ಹಿಂದಿನ ಗಲ್ಲಿಯಲ್ಲಿ, ಹೊಲಿಗೆ ಯಂತ್ರ ರಿಪೇರಿಯವನಿಗೂ ಹಳೆಯ ಫ್ಯಾನು ಮಾರುವವನಿಗೂ ನಡುವೆ ಒತ್ತಿಕೊಂಡಿದ್ದ ಅವನ ಅಂಗಡಿಯಲ್ಲಿ ಈ ತೀರ್ಪು ದಿನಾ ನಡೆಯುತ್ತಿತ್ತು. ಮೊದಲನೆಯ ಬದಿ, ಎರಡನೆಯ ಬದಿ, ಒಂದೊಂದು ಹಾಡನ್ನೂ ಸಾಯುವವನ ಬಾಯಿಗೆ ನೀರು ಬಿಡುವ ಹಾಗೆ ಭಕ್ತಿಯಿಂದ ಕೇಳುತ್ತಿದ್ದ. ಮುಳ್ಳು ಎಡವಿತೋ, ಕರಕರ ಎಂದಿತೋ, ಮುಗಿಯಿತು. ಆ ಕಪ್ಪು ತಟ್ಟೆ ಎರಡು ದಿನದಲ್ಲಿ ಚುಟ್ಟ ಸೇದುವ ಹುಲಿಯಾಗಿಯೋ, ಸೋಯಾ ಗಡಿಗೆಗಳ ಸಾಲಾಗಿಯೋ, ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸಾಗಿಯೋ ಬಿಳಿ ಹಾಳೆಯ ಮೇಲೆ, ಮರದ ಚೌಕಟ್ಟಿನಲ್ಲಿ, ಗಾಜಿನ ಹಿಂದೆ ಹೊಸ ಜನ್ಮ ತಾಳುತ್ತಿತ್ತು.

ಎರಡನೆಯ ಬದಿಯ ಕೊನೆಯ ಹಾಡನ್ನು ಮಾತ್ರ ಅವನು ಕೇಳಿದವನಲ್ಲ. ಅವನೇನು, ಆ ದೇಶದಲ್ಲಿ ಮನಸ್ಸಿಟ್ಟು ಯಾರೂ ಕೇಳಿದವರಲ್ಲ. ಆ ಕಾಲದ ಸರ್ಕಾರಕ್ಕೆ ಜನ ಪ್ರೀತಿ, ವಿರಹ ಅಂತ ಮೂಗು ಒರೆಸಿಕೊಂಡು ಕೂರುವುದು ಸರಿಬರಲಿಲ್ಲ. ಯಾವ ರೆಕಾರ್ಡು ಬಂದರೂ ಕೊನೆಗೊಂದು ಸನ್ನಡತೆಯ ಹಾಡು ಇರಲೇಬೇಕು ಎಂದು ಕಟ್ಟಳೆ ಮಾಡಿಬಿಟ್ಟಿತ್ತು. ಅಷ್ಟೂ ಹಾಡು ಬಿಟ್ಟುಹೋದ ಇನಿಯನಿಗೆ, ಕೊನೆಯದೊಂದು ಬೆಳಗ್ಗೆ ಬೇಗ ಏಳುವುದಕ್ಕೆ, ಬೀದಿ ಗುಡಿಸುವುದಕ್ಕೆ! ಜನ ಸರ್ಕಾರಕ್ಕಿಂತ ಜಾಣರು. ಅಳುವ ಹಾಡು ಮುಗಿದ ಕೂಡಲೇ ಎದ್ದು ಹೋಗಿ ಮುಳ್ಳೆತ್ತಿಬಿಡುತ್ತಿದ್ದರು. ಟೇಗಿಲನ ಅಪ್ಪನೂ ಎತ್ತುತ್ತಿದ್ದ. ಆ ಅಭ್ಯಾಸ ಮಗನ ಬೆರಳಿಗೂ ಇಳಿದುಬಂದಿತ್ತು.

ಈಗ ಅವನ ಅತ್ತೆ, ಹೆಂಡತಿಯ ತಾಯಿ ಪಿಲ್ಸುನಳ ವಿಷಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೀವು ನೋಡಿರಬಹುದು. ಪಿಲ್ಸುನ್ ಮದುವೆ ನಿಶ್ಚಯವಾಗುವ ಮುಂಚೆಯೇ ಹೊಲಿಸಿಟ್ಟವಳು. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ನೆಂಟರ ಮನೆಗೆ ಊಟಕ್ಕೆ ಹೋದರೆ ಅವರಿನ್ನೂ ಅಕ್ಕಿ ತೊಳೆಯುತ್ತಿರುತ್ತಿದ್ದರು. ಕರೋಕೆಗೆ ಕರೆದುಕೊಂಡು ಹೋದರಂತೂ ಕೇಳುವುದೇ ಬೇಡ, ವಾದ್ಯದವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಈಕೆ ಪಲ್ಲವಿಗೆ ಹೋಗಿ ಕಾಯುತ್ತಿದ್ದಳು.

ಈ ಪಿಲ್ಸುನ್ ಹಬ್ಬಕ್ಕೊಮ್ಮೆ ಒಂದು ಮಾತು ಹೇಳುತ್ತಿದ್ದಳು: "ನಾನೂ ರೆಕಾರ್ಡಲ್ಲಿ ಹಾಡಿದೀನಿ ಕಣ್ರೋ." ಯಾವ ರೆಕಾರ್ಡು, ಯಾವ ಹಾಡು ಎಂದು ಕೇಳಿದರೆ ಕಡುಬಿನ ತಟ್ಟೆ ತರಲು ಒಳಗೆ ಹೋಗುತ್ತಿದ್ದಳು. ಅವಳ ಓರಗಿತ್ತಿ ಮಲ್ಸುಕ್‌ಗೆ ಇಷ್ಟು ಸಾಕಾಗಿತ್ತು. ಹಿರಿಯರಿಗೆ ಎಡೆ ಇಡುವಾಗ, ಅವರ ಗೋರಿಯ ಹುಲ್ಲು ಕೀಳುವಾಗ, ಕಿಮ್ಚಿ ಉಪ್ಪಿನಕಾಯಿಯ ಎಲೆಕೋಸಿಗೆ ಉಪ್ಪು ಹಾಕುವಾಗ, ಎಲ್ಲೆಂದರಲ್ಲಿ "ನಮ್ಮ ಗಾಯಕಿ ಎಲ್ಲಿ? ಗಾಯಕಿ ಕೈ ಉಪ್ಪಲ್ಲಿ ಹಾಳಾಗುತ್ತೆ, ಗವುಸು ಕೊಡ್ರೇ" ಎಂದು ಕುಟುಕುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಟೇಗಿಲನೂ ನಗುತ್ತಿದ್ದ.

ಅವನು ನಗಬಾರದಿತ್ತು. ಅವನು ಕೆಲಸ ಮಾಡುತ್ತಿದ್ದ ಛಾಪಖಾನೆ ಮುಚ್ಚಿದಾಗ, ಗುಜರಿ ರೆಕಾರ್ಡು ಕತ್ತರಿಸಿ ಚಿತ್ರ ಮಾಡುತ್ತೇನೆ ಎಂದಾಗ, ಹೆಂಡತಿಯ ಕಡೆಯವರೆಲ್ಲ ಮುಖ ಮುಖ ನೋಡಿಕೊಂಡಿದ್ದರು. ಪಿಲ್ಸುನ್ ಒಬ್ಬಳೇ ಮಾರನೆಯ ದಿನ, ಅಂಗಡಿಗೆ ಬಾಗಿಲು ಕೂಡಿಸುವ ಮೊದಲೇ ಬಂದು, "ಅಳಿಯಂದ್ರೇ, ನನಗೊಂದು ಬಾತುಕೋಳಿ ಜೋಡಿ ಮಾಡ್ಕೊಡಿ. ಮೊದಲ ಗಿರಾಕಿ ನಾನೇ, ಹೇಳಿದೀನಿ" ಎಂದಿದ್ದಳು. ಆ ಬಾತುಕೋಳಿಯ ಕೊಕ್ಕು ಮುರಿದಿದ್ದರೂ ಅದನ್ನು ಟಿವಿಯ ಮೇಲೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವಳು ಅವನನ್ನು ನಂಬಿದ್ದಳು. ಅವನು ಅವಳ ಮಾತನ್ನು ಒಂದು ದಿನವೂ ನಂಬಿರಲಿಲ್ಲ.

ಇಂಥ ಅತ್ತೆಗೆ ಎಪ್ಪತ್ತು ತುಂಬುವ ಹಬ್ಬ ಬಂತು. ಬಾಡಿಗೆಯ ದೊಡ್ಡ ಹಾಲು, ಸಾಲು ಊಟ, ನೆಂಟರಿಷ್ಟರು. ಟೇಗಿಲ ತನ್ನ ಕೈಯಾರೆ ಏನಾದರೂ ಮಾಡಿಕೊಡಬೇಕು ಎಂದುಕೊಂಡ. ಆ ವಾರವೇ ಅಂಗಡಿಯ ಶಟರ್ ಮುಂದಿನ ಡಬ್ಬದಲ್ಲಿ ಒಂದು ರೆಕಾರ್ಡು ಸಿಕ್ಕಿತು. ಮನೆ ಖಾಲಿ ಮಾಡುವವರು, ಬಿಸಾಡಲು ಮನಸ್ಸು ಬಾರದವರು ತಮ್ಮ ಹಳೆಯ ರೆಕಾರ್ಡುಗಳನ್ನು ಆ ಡಬ್ಬದಲ್ಲಿ ಹಾಕಿ ಹೋಗುವುದು ಗಲ್ಲಿಯ ವಾಡಿಕೆ. ಡಬ್ಬಕ್ಕೆ ಬಿತ್ತೆಂದರೆ ಗರಗಸಕ್ಕೆ ಒಪ್ಪಿಗೆ ಎಂದೇ ಅರ್ಥ. ಹೊದಿಕೆಯ ಮೇಲೆ ಕೂದಲನ್ನು ಗೋಪುರದ ಹಾಗೆ ಎತ್ತಿ ಕಟ್ಟಿದ ಒಬ್ಬ ಹೆಂಗಸು. ಹೆಸರು ಅವಳ ಅಕ್ಕಪಕ್ಕದವರಿಗಾದರೂ ಗೊತ್ತಿತ್ತೋ ಇಲ್ಲವೋ. ಹಾಕಿ ನೋಡಿದ. ಮೊದಲ ಬದಿ ಎಡವಿತು. ಎರಡನೆಯ ಬದಿ ಎರಡು ಹಾಡು ಅತ್ತು, ಮೂರನೆಯದರಲ್ಲಿ ಬಿಕ್ಕಿ ಅಲ್ಲೇ ನಿಂತಿತು. ಆದರೆ ನಡುವಿನ ಚೀಟಿ ಮಾತ್ರ ಹಣ್ಣಾದ ಪರ್ಸಿಮನ್ನಿನ ಕೆಂಗಿತ್ತಳೆ ಬಣ್ಣ, ಒಂದು ಕಲೆಯಿಲ್ಲ. ಇದೇ ಸೂರ್ಯ, ಎಂದುಕೊಂಡ ಟೇಗಿಲ. ಸೂರ್ಯ, ದೇವದಾರು, ಜಿಂಕೆ, ಕೊಕ್ಕರೆ. ದೀರ್ಘಾಯುಷ್ಯಕ್ಕೆ ಬೇಕಾದವರೆಲ್ಲ ಒಂದೇ ತಟ್ಟೆಯಲ್ಲಿ ಬರುತ್ತಾರೆ.

ಬಿಸಿ ಮಾಡಿ ಬಗ್ಗಿಸುವವರೂ ಈ ಕಸುಬಿನಲ್ಲಿದ್ದಾರೆ, ಅವರ ಮಾತು ಬೇಡ. ಟೇಗಿಲ ಗರಗಸದವನು. ಕಾಗದದ ನಕ್ಷೆ ಅಂಟಿಸಿ, ಕೂದಲೆಳೆಯ ಅಲಗಿನಿಂದ ಅಂಚಿನಿಂದ ಒಳಕ್ಕೆ ಬಂದ. ಕೆಳಗೆ ದೇವದಾರಿನ ಕೊಂಬೆ, ಅದರಡಿ ಜಿಂಕೆ, ಮೇಲೆ ರೆಕ್ಕೆ ಬಿಚ್ಚಿದ ಕೊಕ್ಕರೆಗಳು. ಸೂರ್ಯನ ಸುತ್ತ ಎರಡು ಬೆರಳಗಲ ಕಪ್ಪನ್ನು ಮುಟ್ಟದೆ ಬಿಟ್ಟ. ಅದಕ್ಕಿಂತ ಹತ್ತಿರ ಹೋದರೆ ಪ್ಲಾಸ್ಟಿಕ್ಕು ಚಟ್ ಎಂದು ಸೀಳುತ್ತದೆ, ಹಾಗಾಗಿ ಯಾವತ್ತೂ ಬಿಡುತ್ತಿದ್ದ. ಗೋಂದು ಹಾಕುವುದು ಅವನಿಗಾಗದು. ನಡುವಿನ ತೂತಿನಲ್ಲಿ ಒಂದು ಬೋಲ್ಟು ಹಾಕಿ ಬಿಗಿದು, ಗಾಜು ಕೂಡಿಸಿ, ಗುಲಾಬಿ ರೇಷ್ಮೆ ಚೌಕದಲ್ಲಿ ಗಂಟು ಕಟ್ಟಿಟ್ಟ. ಒಂದು ಕೊಕ್ಕರೆಯ ಕತ್ತು ಅಷ್ಟು ಚೆನ್ನಾಗಿ ಬಂದಿತ್ತೆಂದರೆ ಗಂಟು ಬಿಚ್ಚಿ ಇನ್ನೊಮ್ಮೆ ನೋಡಿದ.

ಹಬ್ಬದ ಹಿಂದಿನ ದಿನ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ಹೇಗಿದೆ ನನ್ನ ರೆಕಾರ್ಡು? ಹಾಡುತ್ತಾ?"

"ಯಾವ ರೆಕಾರ್ಡು ಅತ್ತೆ?"

"ಅಯ್ಯೋ, ನಿಮ್ಮ ಅಂಗಡಿ ಬಾಗ್ಲಲ್ಲಿ ಇಟ್ಟು ಬಂದ್ನಲ್ಲಾ! ನೀವಿನ್ನೂ ಬಂದಿರ್ಲಿಲ್ಲ. ಎಷ್ಟೊತ್ತು ಕಾಯೋದು ಅಂತ ಆ ಡಬ್ಬದಲ್ಲಿ ಹಾಕಿ ಬಂದೆ. ತಲೆ ಮೇಲೆ ಕೂದಲಲ್ಲಿ ಗೋಪುರ ಕಟ್ಕೊಂಡಿರೋ ಹೆಂಗ್ಸಿನ ಚಿತ್ರ ಇದೆ ನೋಡಿ, ಅದು."

ಟೇಗಿಲ ಪಕ್ಕದ ಅಂಗಡಿಯ ಫ್ಯಾನಿನ ಮೇಲೆ ಕೂತುಬಿಟ್ಟ.

"ನನ್ನ ಜೊತೆ ಚೌರಿ ಕಾರ್ಖಾನೇಲಿ ಕೂದಲು ಹೆಣೀತಿದ್ದ ಗೆಳತಿ ಮನೆ ಖಾಲಿ ಮಾಡೋವಾಗ ಸಿಕ್ತಂತೆ. ನಾವು ಹುಡುಗೀರೆಲ್ಲ ಹಾಡಿದ್ದು ಅದ್ರಲ್ಲೇ ಇದೆ. ಯಾವ ರೆಕಾರ್ಡಿಗೆ ಹಾಕ್ತಾರೆ ಅಂತ ಆಗ ನಮಗೆ ಯಾರೂ ಹೇಳ್ಲೇ ಇಲ್ಲ, ನೋಡಿ. ನಾಳೆ ಹಾಲಿಗೆ ನಿಮ್ಮ ಮಿಷನ್ ತನ್ನಿ, ಹಾಕೋಣ. ಮಲ್ಸುಕ್ ಅಕ್ಕಂಗೂ ಹೇಳಿದೀನಿ, ಎಲ್ರಿಗೂ ಹೇಳಿದೀನಿ. ಕೆಟ್ಟಿಲ್ಲ ತಾನೇ?"

"ಇಲ್ಲ ಅತ್ತೆ," ಎಂದಿತು ಟೇಗಿಲನ ಬಾಯಿ, ಅವನನ್ನು ಕೇಳದೆ. "ಭದ್ರವಾಗಿದೆ."

ಭದ್ರವೇನೋ ಹೌದು, ಗಾಜು ಹಾಕಿ ಬೋಲ್ಟು ಬಿಗಿದಿದ್ದಾನಲ್ಲ. ಇಂಗು ತಿಂದ ಮಂಗನ ಹಾಗೆ ಸಂತೆಯ ಉದ್ದಗಲ ಓಡಿದ. ಅದೇ ರೆಕಾರ್ಡಿನ ಇನ್ನೊಂದು ಪ್ರತಿ ಎಲ್ಲಾದರೂ ಇರಬಾರದೇ? ರೆಕಾರ್ಡು ಮಾರುವ ಚಾಂಗ್ಬೆ ಹೊದಿಕೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ ಗಹಗಹಿಸಿ ನಕ್ಕ.

"ಈ ಗೋಪುರದಮ್ಮನಾ? ಇದ್ದವಲ್ಲೋ ನನ್ನ ಹತ್ರ! ಯಾರೂ ತಗೊಳಲ್ಲ ಅಂತ ಇಡೀ ಕಟ್ಟನ್ನೇ ಒಬ್ಬ ತಗೊಂಡು ಹೋದ."

"ಯಾರಣ್ಣ? ಬೇಗ ಹೇಳು."

"ನೀನೇ ಕಣೋ. ಗೋಡೆ ಗಡಿಯಾರ ಮಾಡ್ತೀನಿ ಅಂದಿದ್ದೆ."

ಮನೆಗೆ ಬಂದು ಹೆಂಡತಿ ಸೊನ್ಹ್ವಾಳ ಮುಂದೆ ಗಂಟು ಬಿಚ್ಚಿ ಎಲ್ಲ ಒದರಿದ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಅರ್ಧಕ್ಕೆ ನಿಂತಿತು.

"ರೀ, ಅಂದ್ರೆ ಅಮ್ಮ ಹೇಳ್ತಿದ್ದದ್ದು ನಿಜ."

"ಹೂಂ."

"ಇಷ್ಟು ವರ್ಷ ನಿಜಾನೇ ಹೇಳ್ತಿದ್ಲು, ನಾವು ನಗ್ತಿದ್ವಿ. ಈಗ ಸಾಕ್ಷಿ ಸಿಕ್ಕಿದ್ರೆ ನೀವು ನಮ್ಮಮ್ಮನ ಗಂಟ್ಲು ಕುಯ್ದು ಚೌಕಟ್ಟು ಹಾಕಿದೀರಿ!"

"ಕೊಕ್ಕರೆ ಚೆನ್ನಾಗಿ ಬಂದಿದೆ," ಎಂದ ಟೇಗಿಲ, ಅಳುವ ದನಿಯಲ್ಲಿ.

"ಮಾಡಿದ್ದುಣ್ಣೋ ಮಹಾರಾಯ. ನಾಳೆ ನೀವೇ ಹೇಳ್ಬೇಕು, ನಾನು ಬಾಯಿ ಬಿಡಲ್ಲ."

ಮಾರನೆಯ ದಿನ ಇವರು ಹಾಲಿಗೆ ಬಂದಾಗ ಇನ್ನೂ ಕುರ್ಚಿ ಹಾಕಿರಲಿಲ್ಲ. ಪಿಲ್ಸುನ್ ಮಾತ್ರ ಕೆನೆಬಣ್ಣದ ಹನ್‌ಬೊಕ್ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಹಣ್ಣಿನ ಗೋಪುರಗಳ ನಡುವೆ ಆಗಲೇ ಪ್ರತಿಷ್ಠಾಪನೆಯಾಗಿದ್ದಳು. ಟೇಗಿಲನ ಕೈಯಲ್ಲಿ ರೆಕಾರ್ಡು ಮಿಷನ್ ಕಂಡದ್ದೇ ಅವಳ ಮುಖ ಅರಳಿದ್ದನ್ನು ನೋಡಿ ಅವನಿಗೆ ಅಲ್ಲೇ ನೆಲ ಬಿರಿದರೆ ಸಾಕು ಎನಿಸಿತು. ಹೇಳೋಣ ಎಂದು ಹತ್ತಿರ ಹೋದ; ಅಷ್ಟರಲ್ಲಿ ಯಾರೋ ಕಾಲಿಗೆರಗಲು ಬಂದರು. ಮತ್ತೆ ಹೋದ; ಫೋಟೋದವನು ಬಂದ. ಸಾಲು ಸಾಲಾಗಿ ಮಕ್ಕಳು ಮೊಮ್ಮಕ್ಕಳು ಮಣಿದು ನಮಸ್ಕಾರ ಮಾಡಿ, ಕಡಲಸೊಪ್ಪಿನ ಸಾರು ಬಂದು, ಮಕ್ಕೊಲ್ಲಿ ಅಕ್ಕಿಹೆಂಡದ ಬಟ್ಟಲು ಸುತ್ತು ಹೊಡೆಯುವ ಹೊತ್ತಿಗೆ ಮಲ್ಸುಕ್ ಚಮಚದಿಂದ ಬಟ್ಟಲು ಬಡಿದಳು.

"ಏನೇ ಗಾಯಕಿ, ಊಟ ಆಯ್ತು, ಹಾಡೆಲ್ಲಿ? ಕಡುಬು ಕೊಡೋರು ಇನ್ನೂ ಮನಸ್ಸೇ ಮಾಡಿರಲ್ಲ, ನೀನಾಗ್ಲೇ ಅದ್ರ ಜೊತೆ ಕುಡಿಯೋ ಕಿಮ್ಚಿ ಸಾರು ಕುಡ್ದು ಕೂತಿರ್ತೀಯ. ಈ ಸಲಾನೂ ಹಾಗೇನಾ?"

"ಅಕ್ಕಾ, ಈ ಸಲ ಕಡುಬೂ ಇದೆ. ಅಳಿಯಂದ್ರೇ, ಹಾಕಿ!"

ಇಡೀ ಹಾಲೇ ತಿರುಗಿ ಟೇಗಿಲನನ್ನು ನೋಡಿತು. ಅವನು ಗುಲಾಬಿ ಗಂಟನ್ನು ಎತ್ತಿಕೊಂಡು ಬಂದು ಅತ್ತೆಯ ಮುಂದೆ ಮಂಡಿಯೂರಿ ಕೂತ. ಬಿಚ್ಚಲು ಹೋಗಿ ಗಂಟನ್ನು ಇನ್ನಷ್ಟು ಬಿಗಿದ. ಸೊನ್ಹ್ವಾ ಬಂದು ಬಿಚ್ಚಿದಳು.

"ಅತ್ತೆ, ನನಗೆ ಗೊತ್ತಿರ್ಲಿಲ್ಲ. ಡಬ್ಬದಲ್ಲಿತ್ತು. ನಿಮಗೇ ಕೊಡೋಣ ಅಂತ ಕುಯ್ದೆ. ಸಂತೆಯೆಲ್ಲ ಹುಡುಕಿದೆ, ಇನ್ನೊಂದು ಸಿಗ್ಲಿಲ್ಲ. ಇದ್ದವನ್ನೂ ನಾನೇ ಕುಯ್ದಿದ್ದೆ. ಬೈದ್ಬಿಡಿ ಅತ್ತೆ."

ಪಿಲ್ಸುನ್ ಬೈಯಲಿಲ್ಲ. ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನ ಮೇಲೆ ಬೆರಳಾಡಿಸಿದಳು. "ಕೊಕ್ಕರೆ ಕತ್ತು ಎಷ್ಟು ಚೆನ್ನಾಗಿ ಬಂದಿದೆ," ಎಂದಳು. ಬಡಿಗೆ ತೆಗೆದುಕೊಂಡು ಹೊಡೆದಿದ್ದರೂ ಟೇಗಿಲನಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಅಂತೂ ಸಾಕ್ಷಿ ಕೊಕ್ಕರೆಯಾಗಿ ಹಾರಿಹೋಯ್ತು ಅನ್ನು," ಎಂದಳು ಮಲ್ಸುಕ್. ಕೆಲವರು ನಕ್ಕರು. "ಹೋಗ್ಲಿ ಬಿಡೇ. ಯಾವ ಹಾಡು ಅಂತಾದ್ರೂ ಇವತ್ತು ಹೇಳ್ಬಿಡು. ಹೇಳೋಕೆ ರೆಕಾರ್ಡೇ ಬೇಕಾ?"

ಪಿಲ್ಸುನ್ ತಲೆ ತಗ್ಗಿಸಿದಳು. ಕಡುಬಿನ ತಟ್ಟೆ ತರಲು ಎದ್ದು ಹೋಗುವಂತಿರಲಿಲ್ಲ. ಎಲ್ಲವೂ ಮೇಜಿನ ಮೇಲೇ ಇತ್ತು.

"ಕೊನೇದು," ಎಂದಳು ಮೆಲ್ಲಗೆ.

"ಏನಂದೆ?"

"ಕೊನೇ ಹಾಡು ಅಕ್ಕ. ಸನ್ನಡತೇದು. ಬೆಳಗಾಯ್ತು ಏಳಿ, ಹೊಲಿಯೋಣ ದುಡಿಯೋಣ ಅಂತ. ಕಾರ್ಖಾನೆಯಿಂದ ನಮ್ಮನ್ನೆಲ್ಲ ಲಾರೀಲಿ ತುಂಬ್ಕೊಂಡು ಹೋಗಿ ಹಾಡಿಸಿದ್ರು. ಅದನ್ನ ಹೇಳಿದ್ರೆ ನೀವೆಲ್ಲ ಇನ್ನೂ ನಗ್ತೀರಿ ಅಂತ ಹೇಳ್ಲಿಲ್ಲ. ಎಲ್ರೂ ಮುಳ್ಳೆತ್ತಿಬಿಡೋ ಹಾಡು ಅದು. ಅದನ್ನ ಹಾಡಿದೋಳು ನಾನು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಹಾಲಿನಲ್ಲಿ ನಗುವಿನ ಅಲೆಯೊಂದು ಎದ್ದೇಬಿಟ್ಟಿತು. ಆದರೆ ಅದು ಮುಗಿಯುವ ಮೊದಲೇ ಟೇಗಿಲ ಎದ್ದು ನಿಂತಿದ್ದ.

"ಕೊನೇದಾ? ಅತ್ತೆ, ಎರಡನೇ ಬದೀದು ಕೊನೇದಾ?"

"ಹೂಂ ಅಂದ್ನಲ್ಲಾ."

"ಕೊನೇದು ಎಲ್ಲಿರುತ್ತೆ ಹೇಳಿ! ಒಳಗಡೆ! ಚೀಟಿ ಪಕ್ಕದಲ್ಲಿ! ನಾನದನ್ನ ಮುಟ್ಟೇ ಇಲ್ಲ!" ಅವನು ಚೌಕಟ್ಟನ್ನು ಕಸಿದುಕೊಂಡ. "ಸೊನ್ಹ್ವಾ, ಸ್ಪ್ಯಾನರ್! ಚಾಕು! ಏನಾದ್ರೂ ಕೊಡೇ!"

ಮಾಂಸ ಕತ್ತರಿಸುವ ಕತ್ತರಿಯಿಂದ ಹಿಂಬದಿಯ ಮೊಳೆ ಕಿತ್ತ. ಬೋಲ್ಟನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಲು ಹೋಗಿ ಹೆಂಡತಿಯಿಂದ ತಲೆಗೆ ಏಟು ತಿಂದು ಕೈಯಿಂದಲೇ ಬಿಚ್ಚಿದ. ಇಷ್ಟು ವರ್ಷದಲ್ಲಿ ಎಷ್ಟೋ ರೆಕಾರ್ಡು ಕುಯ್ದಿದ್ದ. ಕುಯ್ದದ್ದನ್ನು ಮತ್ತೆ ಮಿಷನ್ ಮೇಲೆ ಇಟ್ಟವನಲ್ಲ. ದೇವದಾರು ಕೊಂಬೆ, ಜಿಂಕೆಯ ಕೋಡು, ಕೊಕ್ಕರೆಗಳು ತಟ್ಟೆಯ ಮೇಲೆ ಸುತ್ತತೊಡಗಿದವು. ಜಿಂಕೆಯ ಹಿಂದೆ ಕೊಕ್ಕರೆ, ಕೊಕ್ಕರೆಯ ಹಿಂದೆ ಜಿಂಕೆ. ಮುಳ್ಳು ಒಂದಿಷ್ಟು ಆಚೆ ಬಿದ್ದರೂ ರೆಕ್ಕೆಗೆ ಬಡಿದು ಮುರಿಯುತ್ತಿತ್ತು. ಟೇಗಿಲ ಉಸಿರು ಬಿಗಿಹಿಡಿದು ಸೂರ್ಯನ ಪಕ್ಕದ ಆ ಎರಡು ಬೆರಳಗಲದ ಜಾಗದಲ್ಲಿ ಮುಳ್ಳನ್ನು ಇಳಿಸಿದ.

ಕರಕರ ಸದ್ದು ಬಂತು. ಆಮೇಲೆ ತುತ್ತೂರಿ, ಡೋಲು. ಕವಾಯತಿನ ಧಾಟಿ, ಎಲ್ಲರಿಗೂ ಗೊತ್ತಿದ್ದ, ಯಾರೂ ಕೇಳಿರದ ಧಾಟಿ. ಕೊನೆಯ ಹಾಡಿನಲ್ಲಿ ಮುಳ್ಳು ಎಲ್ಲೂ ಎಡವಲಿಲ್ಲ. ಯಾರೂ ಹಾಕದ ಹಾಡು ಸವೆಯುವುದಾದರೂ ಹೇಗೆ? ತುತ್ತೂರಿ ಇನ್ನೂ ಮುಗಿದಿರಲಿಲ್ಲ, ಹುಡುಗಿಯರ ಗುಂಪು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಒಂದೇ ಒಂದು ಎಳೆಯ ದನಿ, ಕೋಳಿಮರಿಯ ಹಾಗೆ ಗಟ್ಟಿಯಾಗಿ, ಒಂಟಿಯಾಗಿ ಎದ್ದುಬಂತು: "ಬೆಳ—"

ಆಮೇಲೆ ಗುಂಪು ಸೇರಿಕೊಂಡಿತು. "ಬೆಳಗಾಯಿತು..."

ಪಿಲ್ಸುನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿಯರು ಹೊಲಿಯೋಣ ಎಂದರು, ದುಡಿಯೋಣ ಎಂದರು. ಎರಡನೆಯ ಚರಣಕ್ಕೂ ಅದೇ ದನಿ ಮತ್ತೆ ಎಲ್ಲರಿಗಿಂತ ಮೊದಲೇ ನುಗ್ಗಿತು. ಆಗ ಮಲ್ಸುಕ್ ಮೇಜು ಗುದ್ದಿದಳು.

"ಇವಳೇ! ಇವಳೇ ಕಣ್ರೇ! ಇವಳು ಈ ಮನೆಗೆ ಸೊಸೆಯಾಗಿ ಬಂದಾಗಿಂದ ನಾನು ನೋಡಿದೀನಿ, ಇನ್ಯಾವ ಮುಂಡೇದು ಹೀಗೆ ಮುಂದೆ ಓಡುತ್ತೆ? ಇವಳೇ!"

"ಹಾಡ್ಸಿದ ಮೇಷ್ಟ್ರು ಎಷ್ಟು ಬೈದ್ರು ಗೊತ್ತಾ ಅಕ್ಕ," ಎಂದಳು ಪಿಲ್ಸುನ್, ಕಣ್ಣೀರಿನಲ್ಲೇ ನಗುತ್ತ. "ಇನ್ನೊಂದ್ಸಲ ಹಾಡ್ಸೋಣ ಅಂದ್ರೆ ಲಾರಿ ಹೊರಟಿತ್ತು. ಹೋಗ್ಲಿ, ಹೇಗೂ ಯಾರೂ ಕೇಳಲ್ಲ ಅಂದ್ರು."

ಮಲ್ಸುಕ್ ಎದ್ದು ಬಂದಳು. ಓರಗಿತ್ತಿಯ ತುಟಿಯ ಬಣ್ಣ ಹರಡಿದ್ದನ್ನು ತನ್ನ ಕರವಸ್ತ್ರದಿಂದ ಒರೆಸಿ, "ಇಷ್ಟು ವರ್ಷ ನಕ್ಕೆ ಕಣೇ ನಾನು. ಮನಸಲ್ಲಿ ಇಟ್ಕೋಬೇಡ," ಎಂದಳು. ಆಮೇಲೆ ಟೇಗಿಲನ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀಯ? ಇನ್ನೊಂದ್ಸಲ ಹಾಕು," ಎಂದು ಗದರಿದಳು.

ಟೇಗಿಲ ಮುಳ್ಳನ್ನು ಎತ್ತಿ ಮತ್ತೆ ಸೂರ್ಯನ ಪಕ್ಕಕ್ಕೆ ತಂದ. ಸೊನ್ಹ್ವಾ ಅಮ್ಮನ ಕೈಗೆ ಹಾಲಿನಲ್ಲಿದ್ದ ಮೈಕು ಕೊಟ್ಟಳು. ಈ ಸಲ ಎಲ್ಲರಿಗೂ ಗೊತ್ತಿತ್ತು: ತುತ್ತೂರಿ ಬರುತ್ತದೆ, ಡೋಲು ಬರುತ್ತದೆ, ಆಮೇಲೆ ಚೌರಿ ಕಾರ್ಖಾನೆಯ ಆ ಹುಡುಗಿ ಎಲ್ಲರಿಗಿಂತ ಮೊದಲು ನುಗ್ಗುತ್ತಾಳೆ. ಇಡೀ ಹಾಲು ಕಿವಿ ನೆಟ್ಟು ಅವಳಿಗಾಗಿ ಕಾದಿತು. ಕೊಕ್ಕರೆಗಳು ಸುತ್ತಿದವು. ಮುಳ್ಳು ಇಳಿಯಿತು, ಕರಕರ ಎಂದಿತು. ತುತ್ತೂರಿ ಇನ್ನೂ ಬಾಯಿ ಬಿಟ್ಟಿರಲಿಲ್ಲ, ಡೋಲಿನವನು ಕೋಲೆತ್ತಿರಲಿಲ್ಲ, ಆ ಹುಡುಗಿಯ ಸರದಿ ಇನ್ನೂ ಎಲ್ಲೋ ಇತ್ತು.

"ಬೆಳಗಾಯಿತು!" ಎಂದು ಎಪ್ಪತ್ತರ ಪಿಲ್ಸುನ್ ಮೈಕಿನಲ್ಲಿ ಶುರುಮಾಡಿಬಿಟ್ಟಳು.